ಕೂತೇ ಇದ್ದ ಕೋದಂಡ

ಕೋಲಾರದ ಚಿನ್ನದ ಗಣಿ ಶುರುವಾದ ಲಾಗಾಯ್ತಿನಿಂದ, ಏರ್‌ಬ್ಲಾಸ್ಟಿಗೆ ಭೂಮಿ ನಡುಗಿದಾಗ ಕುರ್ಚಿ ಬಿಟ್ಟು ಏಳದ ಗಂಡಸು ಅಂತ ಒಬ್ಬನಿದ್ದರೆ ಅವನು ನನ್ನ ತಮ್ಮ ಕೋದಂಡಪ್ಪ. ಗೋಡೆಯ ಮೇಲಿನ ದೇವರ ಪಟಗಳು ಕುಣಿದವು, ಅಟ್ಟದಿಂದ ಹಿತ್ತಾಳೆ ತಪ್ಪಲೆ ಉರುಳಿ ಮಾರಿಕುಪ್ಪಂ ಸ್ಟೇಷನ್ನಿನವರೆಗೆ ಸದ್ದು ಕೇಳಿಸಿತು, ಅವನು ಮಾತ್ರ ದೊರೆಯ ಹಾಗೆ ಕೂತಿದ್ದ. ಇದರಲ್ಲಿ ಅರ್ಧ ಸುಳ್ಳು. ತಪ್ಪಲೆ ಉರುಳಿದ್ದು ಪಕ್ಕದ ಮನೆ ಮುನಿಗಂಗಮ್ಮನದು, ಸದ್ದು ಅವಳ ಹಿತ್ತಲು ದಾಟಲಿಲ್ಲ. ದೊರೆಯ ಹಾಗೆ ಅನ್ನುವುದು ನಾನು ಅಂಟಿಸಿದ್ದು. ಆದರೆ ಅವನು ಕೂತಿದ್ದ. ಅಷ್ಟನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ. ಅವನ ತಲೆಯೊಳಗೆ ಏನು ನಡೆಯಿತು ಅನ್ನುವುದರಲ್ಲಿ ಒಂದಿಷ್ಟು ಅವನೇ ಹಿಂದೆಮುಂದೆ ಹೇಳಿದ್ದು, ಒಂದಿಷ್ಟು ಎದುರುಮನೆ ಸೊಣ್ಣಪ್ಪ ಕಂಡದ್ದು, ಮಿಕ್ಕಿದ್ದು ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ನಾನು ತುಂಬಿಕೊಂಡದ್ದು. ನಂಬಿಕೆಯಿಲ್ಲದಿದ್ದರೆ ಈಗಲೇ ಎದ್ದು ಹೋಗು ತಾಯಿ, ಆಮೇಲೆ ತಪ್ಪು ನನ್ನ ಮೇಲೆ ಹಾಕಬೇಡ.

ಏರ್‌ಬ್ಲಾಸ್ಟು ಅಂದರೆ ಬೇರೇನಲ್ಲ, ಅಗೆದು ಅಗೆದು ಟೊಳ್ಳಾದ ಪಾತಾಳದಲ್ಲಿ ಬಂಡೆ ಭಾರ ತಡೆಯಲಾರದೆ ತಾನಾಗಿ ಸಿಡಿಯುವುದು. ಸಿಡಿದರೆ ಮೇಲೆ ಗಣಿಯವರಿಗೆ ಸಾಲಾಗಿ ಕಟ್ಟಿಕೊಟ್ಟ ಉರಿಗಾಂ ಲೈನಿನ ಮನೆಗಳ ನೆಲ ನಡುಗುತ್ತದೆ. ನಡುಗಿದರೆ ಲೈನಿನಲ್ಲಿ ಯಾರೂ ಯೋಚಿಸುವುದಿಲ್ಲ. ಒಲೆ ಉರಿಯುತ್ತಿದ್ದರೆ ಉರಿಯಲಿ, ಬಾಗಿಲು ತೆರೆದಿದ್ದರೆ ತೆರೆದಿರಲಿ, ತಲೆಗೆ ಎಣ್ಣೆ ಹಚ್ಚಿಕೊಂಡವಳು ಹಾಗೇ, ಅನ್ನ ಕಲಸುತ್ತಿದ್ದವಳು ಕೈ ತೊಳೆಯದೆ ಹಾಗೇ, ಎಲ್ಲರೂ ಬರಿಗಾಲಲ್ಲಿ, ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡಬೇಕು. ನಿನ್ನವರು ಒಳಗಿದ್ದಾರೋ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೋ ಯಾರೂ ಕೇಳುವುದಿಲ್ಲ. ಒಳಗಿರುವವರೆಲ್ಲ ಆ ಹೊತ್ತಿಗೆ ನಿನ್ನವರೇ. ಪಾಳಿ ಇಲ್ಲದ ಗಂಡಸರು ಗೇಟಿನ ಪಕ್ಕ ಸಾಲು ಕಟ್ಟಿ ನಿಲ್ಲುತ್ತಾರೆ, ಸಿಕ್ಕಿಕೊಂಡವರನ್ನು ತೆಗೆಯಲು ಯಾರನ್ನು ಕರೆದರೆ ಅವರು ಇಳಿಯಲಿ ಎಂದು. ಹೀಗೆ ಮಾಡಿ ಎಂದು ಯಾರಿಗೂ ಯಾರೂ ಹೇಳಿಕೊಟ್ಟದ್ದಲ್ಲ. ನಡೆಯಲು ಬಾರದ ಮಗುವೂ ನೆಲ ನಡುಗಿದರೆ ಹೊಸಲಿನ ಕಡೆ ತೆವಳುತ್ತಿತ್ತು. ಕೋದಂಡ ಹಾಗೆ ತೆವಳಿದವನೇ.

ಅವತ್ತು ಆಷಾಢದ ಗಾಳಿ, ಚಿನ್ನ ತೆಗೆದು ಮಿಕ್ಕ ಹುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳನ್ನೆಲ್ಲ ಎತ್ತಿ ಲೈನಿನ ಮೇಲೆ ಸುರಿಯುತ್ತಿತ್ತು. ಕೋದಂಡ ಸೀಮೆಯಿಂದ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಗಣಿ ಮೈಸೂರು ಸರ್ಕಾರದ ಕೈಗೆ ಬಂದ ಮೇಲೆ ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟು ಕಟ್ಟುತ್ತಿದ್ದರಲ್ಲ, ಅವರ ಜಾಗಕ್ಕೆ ನಮ್ಮವರು ಬೇಕೆಂದು ಓದಿನಲ್ಲಿ ಮುಂದಿದ್ದ ಹುಡುಗರನ್ನು ಆರಿಸಿ ಕಳಿಸಿದಾಗ ಇವನೂ ಹೋದ. ಇಂಗ್ಲೆಂಡಿನ ತುತ್ತತುದಿ, ಮೂರು ಕಡೆ ಸಮುದ್ರ, ನೆಲದೊಳಗೆ ತವರ; ಅಲ್ಲಿನ ಗಣಿ ಕಾಲೇಜಿನಲ್ಲಿ ಎರಡು ಚಳಿಗಾಲ ಕಳೆದು ಬಂದ. ಬಂದ ದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವನ ಕೊರಳಿಗೆ ಬಿದ್ದ ಹಾರಕ್ಕೆ ತಾಲ್ಲೂಕಿನ ಚೆಂಡುಹೂವೆಲ್ಲ ಖಾಲಿಯಾಗಿ ದೇವರಿಗೆ ಎಲೆ ಏರಿಸಬೇಕಾಯಿತು. ಮುಂದಿನ ತಿಂಗಳು ನಂದಿದುರ್ಗದ ಗಣಿಯಲ್ಲಿ ಕೆಲಸಕ್ಕೆ ಸೇರಬೇಕಿತ್ತು, ಬಂಗಲೆ ಸಿಗುವವರೆಗೆ ಅಕ್ಕನ ಮನೆ. ನಮ್ಮ ಯಜಮಾನರು ಅದೇ ಗಣಿಯೊಳಗೆ ಮರದ ಕೆಲಸದವರು, ಅಗೆದ ಜಾಗ ಕುಸಿಯದ ಹಾಗೆ ದಿಮ್ಮಿ ಕೊಟ್ಟು ನಿಲ್ಲಿಸುವವರು. ಬಾಮೈದ ಬರುತ್ತಾನೆಂದು ಒಡೆದ ದಿಮ್ಮಿಯ ತುಂಡುಗಳನ್ನು ಕೇಳಿ ತಂದು ಒಂದು ಕುರ್ಚಿ ಮಾಡಿದ್ದರು. “ಸೀಮೇಲಿದ್ದು ಬರೋನು, ನೆಲದ್ ಮ್ಯಾಲೆ ಮಂಡಿ ಮಡಿಸ್ಕೊಂಡು ಎಂಗ್ ಕೂತಾನಮ್ಮಿ,” ಅಂದರು. ಒಂದು ಕಾಲು ಗಿಡ್ಡ. ಕೂತವರು ಉಸಿರಾಡಿದರೂ ಅದು ಕಟಕಟ ಅನ್ನುತ್ತಿತ್ತು. ನಾನು ರಾಬರ್ಟ್‌ಸನ್‌ಪೇಟೆಗೆ ಹೋಗಿ ಹೂವಿನ ಚಿತ್ರದ ಒಂದು ಟೀ ಕಪ್ಪು, ಸಾಸರು ತಂದಿದ್ದೆ.

ಕೋದಂಡ ಆ ಕುರ್ಚಿಯಲ್ಲಿ ಕೂತು ಗಿಡ್ಡ ಕಾಲನ್ನು ತನ್ನ ಬೂಟಿನ ತುದಿಯಿಂದ ಒತ್ತಿ ಹಿಡಿದಿದ್ದ. ಮನೆಯೊಳಗೂ ಬೂಟು. ಬಂದ ಹೊಸದರಲ್ಲಿ ಹೊಸಲಲ್ಲಿ ಬಿಚ್ಚುತ್ತಿದ್ದ. ನೆಲದ ತಣ್ಣನೆ ಅಂಗಾಲಿಗೆ ತಾಕಿದ ಕೂಡಲೆ ಮೈ ಬೆತ್ತಲಾದಂತೆ ಆಗುತ್ತದೆ ಎಂದು ಮತ್ತೆ ಹಾಕಿಕೊಂಡ. ಅಕ್ಕನಾದ ನಾನು ಅದನ್ನು ನೋಡಿ ಸುಮ್ಮನಿದ್ದದ್ದು ಅವನಿಗೆ ಬೈದಿದ್ದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಎಲ್ಲರೂ ಸುಮ್ಮನಿರುತ್ತಿದ್ದರು. ಅವನು ಮುದ್ದೆಯನ್ನು ಮುರಿಯಲು ಹೋಗಿ ಬೆರಳು ಸುಟ್ಟುಕೊಂಡಾಗ ಭಾವ ತಮ್ಮ ತಟ್ಟೆಯ ಕಡೆ ನೋಡಿದರು. ನಲ್ಲಿಯ ಬಳಿ ಹೆಂಗಸರು ದಾರಿ ಬಿಟ್ಟರು. ತನ್ನ ಜೊತೆ ಗೋಲಿ ಆಡಿದವರು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿದರು. ಸೀಮೆಯಲ್ಲಿ ಹೀಗಿರಲಿಲ್ಲ, ಅಲ್ಲಿ ಯಾರೂ ಅವನಿಗೆ ದಾರಿ ಬಿಡಲಿಲ್ಲ. ಅಲ್ಲಿ ಊಟದ ಮೇಜಿನ ತುದಿಯ ಜಾಗ, ಕಿಟಕಿಯಿಂದ ನೇರ ಗಾಳಿ ಬೀಸುವ ಜಾಗ, ಅವನದು. ಅವನು ಬಾಡಿಗೆಗಿದ್ದ ಆ ಮನೆಯ ಒಡತಿ ಪೆನ್‌ರೋಸ್ ಎಂಬ ಮುದುಕಿ. ಅವಳ ಅಪ್ಪ ಹಿಂದೊಂದು ಕಾಲದಲ್ಲಿ ಇದೇ ಉರಿಗಾಂನಲ್ಲಿ ಗಣಿ ಕ್ಯಾಪ್ಟನ್ ಆಗಿದ್ದವನು. ಕೋದಂಡ ಕೋಲಾರದವನೆಂದು ಕೇಳಿ ಕೈ ಹಿಡಿದು ಅತ್ತೇಬಿಟ್ಟಿದ್ದಳು. ಅಪ್ಪನ ಬಾಯಿಂದ ಎಳೆಯದರಲ್ಲಿ ಕಲಿತ ಎರಡು ಮಾತು ಅವಳಿಗೆ ಬರುತ್ತಿದ್ದವು. ಬೆಳಿಗ್ಗೆ ಮೊಟ್ಟೆ ಬೆಂದ ಕೂಡಲೆ ಮೆಟ್ಟಿಲ ಕೆಳಗೆ ನಿಂತು, ದೇವರ ಹೆಸರು ಹೇಳುವಷ್ಟು ಮೆತ್ತಗೆ, “ಇಂಗೆ ವಾ!” ಅನ್ನುವಳು. ಕೂಲಿಗಳನ್ನು ದೊರೆಗಳು ಕೂಗುತ್ತಿದ್ದ ಮಾತು ಅದು. ಇಲ್ಲಿ ಬಾ ಎಂದು ನಾಯಿಗೂ ಆಳಿಗೂ ಹೇಳುವ ತಮಿಳು. ಅವಳು ಅದನ್ನು ನಮಸ್ಕಾರದಂಥದ್ದೇನೋ ಅಂದುಕೊಂಡಿದ್ದಳು. ತಿದ್ದಬೇಕೆಂದು ಅವನು ಮೊದಲ ದಿನ ಬಾಯಿ ತೆರೆದ. ಅವಳ ಮುಖದ ಸಂತೋಷ ನೋಡಿ ಮುಚ್ಚಿಕೊಂಡ. ಆಮೇಲೆ ಪ್ರತಿ ಬೆಳಿಗ್ಗೆಯೂ ಅವಳು ಕರೆದಳು, ಪ್ರತಿ ಬೆಳಿಗ್ಗೆಯೂ ಅವನು ಮೆಟ್ಟಿಲಿಳಿದ. ಎರಡನೆಯ ಚಳಿಗಾಲಕ್ಕೆ ಆ ಕೂಗು ಬೀಳುವ ಮೊದಲೇ ಅವನ ಕಾಲು ಮೆಟ್ಟಿಲ ಮೇಲಿರುತ್ತಿತ್ತು. ಕೂಗು ತಡವಾದ ದಿನ ತಾನೇನು ತಪ್ಪು ಮಾಡಿದೆನೋ ಎಂದು ಮೆಟ್ಟಿಲ ಮೇಲೇ ನಿಂತು ಕಾಯುತ್ತಿದ್ದ.

“ಟೀ ಆರೋಯ್ತದೆ ಕುಡಿಯೋ. ಗೋಡೆ ನೋಡಿದ್ರೆ ತಿರ್ಗ ಕಾಯ್ತದಾ?” ಅಂದೆ ನಾನು. ಅವನು ಬೆಚ್ಚಿ “ಥ್ಯಾಂಕ್ಸ್” ಅಂದ. ಅಕ್ಕನಿಗೆ ಥ್ಯಾಂಕ್ಸ್! ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. “ಉಣ್ಣಕ್ಕಿಕ್ಕಿದ್ಕೆ ಒಂದು, ನೀರ್ ಕೊಟ್ಟಿದ್ಕೆ ಒಂದು, ಇಂಗೇ ಕೊಡ್ತಿದ್ರೆ ನಿನ್ ಥ್ಯಾಂಕ್ಸ್ ಇಡಾಕೆ ನಮ್ಮನೆಗೆ ಇನ್ನೊಂದ್ ರಾಗಿ ತುಂಬೋ ವಾಡೆ ಬೇಕಾಯ್ತದೆ ಕಣ್ಲಾ.” ಅವನೂ ನಕ್ಕ. ನಗುವಾಗ ಅವನ ತುಟಿ ಹಲ್ಲಿನ ಅಪ್ಪಣೆ ಕೇಳಿಕೊಂಡು ತೆರೆಯುವ ಹಾಗೆ ಕಾಣುತ್ತಿತ್ತು.

ಭೂಮಿ ನಡುಗಿದ್ದು ಆಗಲೇ. ಮೊದಲು ಒಂದು ಗುದ್ದು, ಕೆಳಗಿನಿಂದ, ಯಾರೋ ನೆಲದ ಅಡಿಗೆ ಭುಜ ಕೊಟ್ಟ ಹಾಗೆ. ಆಮೇಲೆ ಪಾತ್ರೆಗಳ ಗಲಗಲ. ನನಗೆ ನೆನಪಿರುವುದು ನಾನು ಆಗಲೇ ಹೊಸಲಿನಾಚೆ ಇದ್ದದ್ದು, ಮತ್ತು ಯಾಕೋ ತಿರುಗಿ ನೋಡಿದ್ದು. ಹಿಂದೆ ಅವನ ಹೆಜ್ಜೆ ಕೇಳಿಸಲಿಲ್ಲ, ಅದಕ್ಕೇ ಇರಬೇಕು. ಕೋದಂಡ ಕೂತಿದ್ದ. ಬೆನ್ನು ನೆಟ್ಟಗಿತ್ತು. ಅವನ ಬಲಗೈ ಟೀ ಕಪ್ಪಿನ ಬಾಯಿ ಮುಚ್ಚಿಕೊಂಡಿತ್ತು, ತುಳುಕದ ಹಾಗೆ. ಎಡಗೈಯ ಎರಡು ಬೆರಳು ಸಾಸರನ್ನು ಒತ್ತಿ ಹಿಡಿದಿದ್ದವು. ಮುಖದ ಮೇಲೆ ಭಯವೂ ಇರಲಿಲ್ಲ, ಏನೂ ಇರಲಿಲ್ಲ. ಬಸ್ಸಿಗೆ ಕಾಯುವವನ ಮುಖ. ನನ್ನ ಬೆನ್ನಿಗೇ ಬಂದ ಮುನಿಗಂಗಮ್ಮನೂ ಬಾಗಿಲಲ್ಲಿ ಅದನ್ನು ನೋಡಿದಳು. “ಅಯ್ಯೋ ಕದಿರಕ್ಕಾ, ನಿನ್ ತಮ್ಮ!” ಅಂದಳು. ಮುಂದೆ ಕೇಳಲು ನಾನು ನಿಲ್ಲಲಿಲ್ಲ. ನಮ್ಮ ಯಜಮಾನರು ಆ ಹೊತ್ತು ಕೆಳಗಿದ್ದರು.

ಕೋದಂಡನ ಕೈಯ ಅಡಿಯಲ್ಲಿ ಟೀ ಬಿಸಿ. ಅಂಗೈಗೆ ಹಬೆ ತಾಕಿ ಒದ್ದೆಯಾಗುತ್ತಿದೆ. ತುಳುಕಲಿಲ್ಲ. ಒಂದು ತೊಟ್ಟೂ ಸಾಸರಿಗೆ ಬೀಳಲಿಲ್ಲ. ಈ ತೃಪ್ತಿ ಅವನಿಗೆ ಮೊದಲು ಬಂತು, ಅದು ಬಂದದ್ದು ಅವನಿಗೇ ಗೊತ್ತಾಗುವಷ್ಟು ಸ್ಪಷ್ಟವಾಗಿ ಬಂತು. ಇನ್ನು ಮುದುಕಿ ಪೆನ್‌ರೋಸ್ ‘ಗುಡ್’ ಎನ್ನುತ್ತಾಳೆ, ಬೆಣ್ಣೆಯ ತಟ್ಟೆಯನ್ನು ಇತ್ತ ಸರಿಸುತ್ತಾಳೆ ಎಂದು ಕಾದ. ಅಲ್ಲಿಯೂ ಊರಿನ ಅಡಿಗೆ ಗಣಿ ಇತ್ತು. ಪಾಳಿ ಮುಗಿಯುವ ಹೊತ್ತಿಗೆ ದಿನವೂ ಸಿಡಿಮದ್ದು ಹಾರಿಸುತ್ತಿದ್ದರು, ಮನೆಗಳ ಗಾಜು ಝಣ್ ಅನ್ನುತ್ತಿತ್ತು. ಅದು ಅಲ್ಲಿ ಗಡಿಯಾರದ ಗಂಟೆಯಷ್ಟೇ ಸಾಮಾನ್ಯ ಎಂದು ಅವನಿಗೆ ಯಾರು ಹೇಳಿದ್ದರು? ಹೋದ ಮರುದಿನ, ಹಡಗಿನ ತೂಗಾಟ ಇನ್ನೂ ಕಾಲಿನಲ್ಲಿತ್ತು, ಮೇಜಿನ ಮುಂದೆ ಬನೀನು, ಪಂಚೆಯಲ್ಲಿ ಕೂತಿದ್ದಾಗ ನೆಲ ನಡುಗಿತು. ಆಮೇಲೆ ಅವನು ರಸ್ತೆಯಲ್ಲಿದ್ದ. ಬರಿಗಾಲು, ಜಡಿಮಳೆ, ಕಲ್ಲುಹಾಸಿನ ಇಳಿಜಾರು. ಹಿಂದೆ ಮೇಜು ಉರುಳಿದ್ದು, ಬಿಳಿ ಬಟ್ಟೆಯ ಮೇಲೆ ಟೀ ಹರಿದದ್ದು, ಮುದುಕಿ ಚೀರಿದ್ದು ಯಾವುದೂ ಅವನ ಗಮನಕ್ಕೆ ಬಂದಿರಲಿಲ್ಲ. ಗಣಿಯ ಗೇಟು ಎಲ್ಲಿದೆಯೆಂದು ಯಾರೂ ತೋರಿಸಿರಲಿಲ್ಲ, ಕಾಲಿಗೆ ಗೊತ್ತಿತ್ತು, ಗಣಿ ಬಾಯಿಯ ಮೇಲಿನ ಚಕ್ರದ ಗೋಪುರ ಕಂಡ ಕಡೆಗೆ ಓಡಿತು. ಗೇಟಿನ ಬಳಿ ಯಾರೂ ಇರಲಿಲ್ಲ. ಹೆಂಗಸರಿಲ್ಲ, ಅಳುವಿಲ್ಲ, ಸಾಲಿಲ್ಲ. ಅವನೊಬ್ಬನೇ ಸಾಲಿನಂತೆ ಗೋಡೆಗೆ ಒರಗಿ ನಿಂತ. ಕಾವಲಿನವನು ಗೂಡಿನಿಂದ ತಲೆ ಹೊರಗೆ ಹಾಕಿ, ಏನು ಬೇಕು ಎಂದ. ನನ್ನ ಭಾವ ಕೆಳಗಿದ್ದಾರೆ, ಎಂದ ಕೋದಂಡ. ಹಾಗೆ ಅಂದಾಗ ಅದು ಸುಳ್ಳಾಗಿರಲಿಲ್ಲ. ಅವನ ಮಟ್ಟಿಗೆ, ಸಮುದ್ರಗಳಾಚೆಯ ಆ ತವರದ ಬಿಲದೊಳಗೆ ಭಾವ ದಿಮ್ಮಿಗೆ ಬೆನ್ನು ಕೊಟ್ಟು ಕೂತಿದ್ದರು. ಪಾಳಿ ಮುಗಿಸಿ ಬಂದವರು ನಗುತ್ತಾ ದಾಟಿದರು. ಒಬ್ಬ ಅವನ ಪಂಚೆ ಹಿಡಿದೆಳೆದು ನೋಡಿದ.

ಈ ಓಟದ ಕಥೆಯನ್ನು ಕೋದಂಡ ಊರಿಗೆ ಬಂದ ಮೊದಲ ಭಾನುವಾರ ನಗೆಚಾಟಿಕೆಯ ಹಾಗೆ ನಮಗೆ ಹೇಳಿದ್ದ. ನಾನಂತೂ ನಕ್ಕು ನಕ್ಕು ಪಕ್ಕೆಲುಬು ಮುರಿದುಕೊಂಡೆ. ಪಂಚೆಯಲ್ಲಿ ದೊರೆಸಾನಿಯರ ಮುಂದೆ ಓಟ! ನಮ್ಮ ಯಜಮಾನರು ನಗಲಿಲ್ಲ. ಬೀಡಿ ಕೆಳಗಿಟ್ಟರು.

“ಅಲ್ಲೂ ಓಡಿದ್ಯೇನ್ಲಾ?”

“ಓಡ್ದೆ ಬಾವ.”

“ಒಳಗೆ ಯಾರವ್ರೆ ಅಂತ ಓಡ್ದೆ?”

“ನೀವಿದ್ದೀರಿ ಅಂತ.”

ಮಾರನೆಯ ದಿನ ಆ ಕಥೆ ಅವರ ಜೊತೆ, ಗಣಿಗೆ ಜನ ಇಳಿಸುವ ಕೇಜಿನಲ್ಲಿ ಕೆಳಗಿಳಿಯಿತು. ವಾರದೊಳಗೆ ಚಾಂಪಿಯನ್ ರೀಫಿನಿಂದ ಮಾರಿಕುಪ್ಪಂವರೆಗೆ ಅದನ್ನು ಕೇಳದ ಕಿವಿ ಇರಲಿಲ್ಲ. ನನ್ನ ಬಾಮೈದ ಸೀಮೆನಾಗೂ ಓಡ್ದ, ಬನೀನ್ನಾಗ್ ಓಡ್ದ. ಹೇಳುವಾಗ ಅವರ ಎದೆ ಅಡ್ಡಗಲವಾಗಿ ಎರಡು ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

ಅದು ಕಥೆಯ ಒಂದು ಅರ್ಧ. ಇನ್ನೊಂದು ಅರ್ಧವನ್ನು ಕೋದಂಡ ಯಾರಿಗೂ ಹೇಳಿರಲಿಲ್ಲ. ಆ ಓಟದ ದಿನದಿಂದ ಕಾಲೇಜಿನ ಹುಡುಗರಿಗೆ ಅದು ಆಟವಾಯಿತು. ಪಾಠದ ನಡುವೆ ಯಾರಾದರೂ ಮೇಜಿನ ಕೆಳಗೆ ಮಂಡಿಯಿಂದ ಗುದ್ದುವರು, ಉಳಿದವರೆಲ್ಲ ಅಯ್ಯೋ ಎಂದು ಎದ್ದು ಬಾಗಿಲಿಗೆ ಓಡುವರು, ಮೇಷ್ಟರೂ ಮೀಸೆಯೊಳಗೆ ನಗುವರು. ಕೆಟ್ಟ ಹುಡುಗರಲ್ಲ. ಹಬ್ಬಕ್ಕೆ ಮನೆಗೆ ಕರೆದವರು, ಉಣ್ಣೆಯ ಗವುಸು ಕೊಟ್ಟವರು. ಅದೇ ಕಷ್ಟವಾಗಿದ್ದದ್ದು, ದ್ವೇಷಿಸಲು ಒಬ್ಬನೂ ಸಿಗಲಿಲ್ಲ. ಅವನು ತನ್ನ ಕಾಲುಗಳನ್ನೇ ದ್ವೇಷಿಸಿದ. ಸಿಡಿಮದ್ದಿನ ಹೊತ್ತು ಹತ್ತಿರವಾದಂತೆ ಬೇಕೆಂದೇ ಟೀ ತುಂಬಿಸಿಕೊಂಡು ಕೂರುತ್ತಿದ್ದ. ಕುರ್ಚಿಯ ಕಾಲಿಗೆ ಕಾಲು ಸುತ್ತಿ ಬಿಗಿದುಕೊಳ್ಳುತ್ತಿದ್ದ. ನೆಲ ನಡುಗುವುದು, ತೊಡೆ ತಾನಾಗಿ ಎಗರುವುದು, ಟೀ ಚೆಲ್ಲುವುದು. ಮುದುಕಿ ಏನೂ ಅನ್ನದೆ ಬಟ್ಟೆ ಬದಲಾಯಿಸುವಳು. ದಿನಗಳುರುಳಿದ ಮೇಲೆ ತೊಡೆ ಎಗರುವುದು ಕಡಿಮೆಯಾಯಿತು. ಆಮೇಲೊಂದು ದಿನ ಕೈ ತಾನಾಗಿ ಹೋಗಿ ಕಪ್ಪನ್ನು ಮುಚ್ಚಿತು. ಆಮೇಲೆ ನೆಲ ನಡುಗಿದ್ದೇ ತಿಳಿಯದೆ, ತನ್ನ ಕೈ ಕಪ್ಪಿನ ಮೇಲಿರುವುದನ್ನು ನೋಡಿ, ಓ ಸಿಡಿಯಿತೇನೋ ಎಂದುಕೊಳ್ಳುವಷ್ಟಾಯಿತು. “ನೀನೀಗ ಈ ಊರಿಗೆ ಒಗ್ಗಿಬಿಟ್ಟೆ,” ಎಂದು ಮೇಷ್ಟರು ಭುಜ ತಟ್ಟಿದ್ದು ಆ ವಸಂತದಲ್ಲಿ. ಅವತ್ತು ಅವನಿಗಾದ ಸಂತೋಷಕ್ಕೆ ಪರೀಕ್ಷೆಯಲ್ಲಿ ಗೆದ್ದ ಸಂತೋಷವೂ ಸಮನಾಗಿರಲಿಲ್ಲ.

ಕುರ್ಚಿ ಕಟಕಟ ಅಂದಿತು. ಬೆಣ್ಣೆಯ ತಟ್ಟೆ ಬರಲಿಲ್ಲ. ಎದುರಿಗಿದ್ದದ್ದು ನನ್ನ ಒಲೆ, ಅದರ ಮೇಲೆ ಹುಳಿಯ ಪಾತ್ರೆ, ಉಕ್ಕಿ ಬೆಂಕಿಗೆ ಬಿದ್ದು ಚೊರ್ ಅನ್ನುತ್ತಿತ್ತು. ತೆರೆದ ಬಾಗಿಲು. ಅದರಾಚೆ ಇನ್ನೊಂದು ತೆರೆದ ಬಾಗಿಲು. ಲೈನಿನ ಉದ್ದಕ್ಕೂ ಬಾಯಿಬಿಟ್ಟುಕೊಂಡ ಬಾಗಿಲುಗಳು, ಒಂದು ಕೋಳಿ ಒಂದರಿಂದ ಹೊರಬಂದು ಇನ್ನೊಂದರೊಳಗೆ ಹೋಯಿತು. ಈ ನಿಶ್ಶಬ್ದವನ್ನು ಅವನು ಹುಟ್ಟಿದಾಗಿನಿಂದ ಒಮ್ಮೆಯೂ ಕೇಳಿರಲಿಲ್ಲ, ಯಾಕೆಂದರೆ ಇದಾಗುವ ಹೊತ್ತಿಗೆ ಲೈನಿನಲ್ಲಿ ಕೇಳಲು ಯಾರೂ ಉಳಿದಿರುತ್ತಿರಲಿಲ್ಲ. ಭಾವ, ಎಂದುಕೊಂಡ. ಭಾವ ಕೆಳಗಿದ್ದಾರೆ. ಈ ಮಾತು ಅವನಿಗೆ ಇಂಗ್ಲಿಷಿನಲ್ಲಿ ಬಂತು. ಕಾವಲಿನವನಿಗೆ ಹೇಳಿದ್ದ ಅದೇ ವಾಕ್ಯ, ಅದೇ ಮಾತುಗಳು. ಆದರೆ ಅವತ್ತು ಇಲ್ಲದ ಮನುಷ್ಯನಿಗಾಗಿ ಇಡೀ ಮೈ ಓಡಿತ್ತು, ಇವತ್ತು ಇರುವ ಮನುಷ್ಯನಿಗೆ ಬರೀ ವಾಕ್ಯ. ಅವನು ಕೈ ಎತ್ತಿದ. ಅಂಗೈ ಕೆಂಪಗಾಗಿತ್ತು.

ಎದುರುಮನೆಯ ಹೊಸಲಲ್ಲಿ ಏನೋ ಕದಲಿತು. ಸೊಣ್ಣಪ್ಪ. ಹಿಂದಿನ ಯಾವುದೋ ಏರ್‌ಬ್ಲಾಸ್ಟಿನಲ್ಲಿ ಬಲಗಾಲು ಕಳೆದುಕೊಂಡವನು, ಆಗಿನಿಂದ ಮಂಚ ಹಿಡಿದವನು. ಮಂಚದಿಂದ ಉರುಳಿ, ಮೊಣಕೈ ಊರಿ ಊರಿ ಹೊಸಲಿನವರೆಗೆ ಬಂದಿದ್ದ. ಮೂಗಿನ ಮೇಲೆಲ್ಲ ಮಣ್ಣು. ಮೇಲೆ ನೋಡಿದವನಿಗೆ ಕುರ್ಚಿ, ಕುರ್ಚಿಯಲ್ಲಿ ಕೋದಂಡ, ಕೋದಂಡನ ಮುಂದೆ ಕಪ್ಪು.

“ಏನಪ್ಪಾ ಸೀಮೆ ದೊರೆ, ಟೀ ಆಯ್ತಾ?”

ಕೋದಂಡ ಕಪ್ಪನ್ನು ಅತ್ತ ಸರಿಸಿದ.

“ಕುಡ್ಕೋ ಕುಡ್ಕೋ. ಆರೋದ್ರೆ ರುಚಿಯಿರಲ್ಲ,” ಅಂದ ಸೊಣ್ಣಪ್ಪ. ಸ್ವಲ್ಪ ಹೊತ್ತು ಉಸಿರು ತಿರುಗಿಸಿಕೊಂಡ. “ನನ್ ಕಾಲು ಒಳಗೈತೆ ಕಣ್ಲಾ, ಅದಕ್ಕೆ ನಾನ್ ಓಗ್ನಿಲ್ಲ. ನಿನ್ ಕಾಲು ಎಲ್ಲೈತೆ?”

ಆಗ ಎದ್ದ. ಎದ್ದವನು ಓಡಬಹುದಿತ್ತು. ಬೂಟಿನ ಒಂದು ದಾರ ಬಿಚ್ಚಿತ್ತು, ಬಗ್ಗಿ ಕಟ್ಟಿದ. ಕಟ್ಟುತ್ತಿರುವಾಗಲೇ, ಕಟ್ಟಬಾರದು ಎಂಬುದು ತಲೆಯ ಒಂದು ಮೂಲೆಯಲ್ಲಿ ಕೂಗುತ್ತಿತ್ತು, ಬೆರಳುಗಳು ತಮ್ಮ ಪಾಡಿಗೆ ಗಂಟು ಬಿಗಿದವು. ಸೊಣ್ಣಪ್ಪ ಅಷ್ಟೂ ಹೊತ್ತು ನೋಡುತ್ತಲೇ ಇದ್ದ. ನೋಡಿದ್ದನ್ನು ಅವನು ಸಾಯುವವರೆಗೂ ಹೇಳಿದ, ಪ್ರತಿಸಲವೂ ಬೂಟಿಗೆ ಒಂದೊಂದು ದಾರ ಹೆಚ್ಚಿಸಿದ.

ಗೇಟಿನ ಮುಂದೆ ಜಗತ್ತೇ ಸೇರಿತ್ತು. ಸೈರನ್ನು ಮೂರು ಊರಿಗೆ ಕೇಳುವಂತೆ ಕೂಗುತ್ತಿತ್ತು. ನಾವು ಹೆಂಗಸರು ನೆಲದ ಮೇಲೆ ಕೂತಿದ್ದೆವು. ಗೇಟಿನಲ್ಲಿ ಅಳಬಾರದು, ಹೆಣ ಕಾಣುವವರೆಗೆ ಅಳಬಾರದು. ಅದಕ್ಕೇ ಬಾಯಿಗೆ ಬೇರೆ ಕೆಲಸ ಬೇಕಿತ್ತು ಅಂತ ಕಾಣುತ್ತದೆ, ಮುನಿಗಂಗಮ್ಮ ಅಷ್ಟರಲ್ಲಿ ಕಪ್ಪಿನ ಕಥೆಯನ್ನು ಗೇಟಿನ ಆ ತುದಿಯಿಂದ ಈ ತುದಿಗೆ ಹಂಚಿ ಮುಗಿಸಿದ್ದಳು. ಕೋದಂಡ ಬರುವುದನ್ನು ನಾನು ದೂರದಿಂದಲೇ ಕಂಡೆ. ಬಿಳಿ ದಿಬ್ಬದ ಪಕ್ಕದಲ್ಲಿ ನಡಿಗೆಯೂ ಅಲ್ಲ ಓಟವೂ ಅಲ್ಲ, ಓಡಿದರೆ ನಾಟಕ, ನಡೆದರೆ ಅವಮಾನ, ಎರಡರ ನಡುವೆ ಸಿಕ್ಕಿಕೊಂಡ ಕಾಲು. ಹೆಂಗಸರ ತಲೆಗಳು ಒಂದಾದ ಮೇಲೊಂದು ಅವನ ಕಡೆ ತಿರುಗಿದವು. ಅವನು ಯಾರನ್ನೂ ನೋಡದೆ ಗಂಡಸರ ಸಾಲಿಗೆ ಹೋಗಿ ಕೊನೆಯಲ್ಲಿ ನಿಂತ. ಯಾರೂ ಅವನನ್ನು ತಳ್ಳಲಿಲ್ಲ. ಮುಂದಿನವನು ಮಾತ್ರ ಅರ್ಧ ಹೆಜ್ಜೆ ಮುಂದೆ ಸರಿದ, ಅವನ ಮುಂದಿನವನೂ ಸರಿದ. ಸಾಲಿಗೂ ಕೋದಂಡನಿಗೂ ನಡುವೆ ಒಬ್ಬ ಮನುಷ್ಯನಷ್ಟು ಜಾಗ ಬಿತ್ತು. ಅವನು ತುಂಬಲು ಹೆಜ್ಜೆ ಇಟ್ಟ, ಅದು ಮತ್ತೆ ಬಿತ್ತು.

ಮೇಸ್ತ್ರಿ ಆರುಮುಗಂ ಸಾಲಿನ ಉದ್ದಕ್ಕೂ ಎದೆ ತಟ್ಟಿ ತಟ್ಟಿ ಆರಿಸುತ್ತಾ ಬಂದ. ಕೋದಂಡನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಯಲಾಟ ತೋರಿಸಿದವನು, ಅವನ ಮೊದಲ ಈಜಿಗೆ ನೀರಿಗೆ ನೂಕಿದವನು. ಇವನ ಮುಂದೆ ಬಂದಾಗ ಕೈ ಎತ್ತಲಿಲ್ಲ.

“ನೀವಿಲ್ಲಿ ನಿಲ್ಲಬ್ಯಾಡಿ ಸಾರ್. ಆಫೀಸರ್‌ಗೆ ಒಳಗೆ ಜಾಗ ಐತೆ.”

“ಮಾಮ, ನಾನೂ ಇಳೀತೀನಿ.”

“ವೇಣಾಂ ಸಾರ್, ಬ್ಯಾಡ,” ಅಂದ ಆರುಮುಗಂ. “ಬಟ್ಟೆ ಕೊಳೆಯಾಯ್ತದೆ.” ಅದನ್ನು ಅವನು ಅಣಕಿಸಿ ಹೇಳಲಿಲ್ಲ. ಮರ್ಯಾದೆಯಿಂದ ಹೇಳಿದ. ಆ ಮರ್ಯಾದೆಯ ಎದುರು ಕೋದಂಡ ಸಣ್ಣಗಾದ, ಎಷ್ಟು ಸಣ್ಣಗೆಂದರೆ ನಾನು ಕೂತಲ್ಲಿಂದ ಅವನ ಬೂಟು ಮಾತ್ರ ಕಾಣುತ್ತಿತ್ತು.

ನನಗೆ ಆಗ ಅವನ ಮೇಲೆ ಸಿಟ್ಟು ತೋರಿಸಲು ಪುರುಸೊತ್ತಿರಲಿಲ್ಲ. “ಲೋ ಕೋದಂಡ, ನಿನ್ನ ಒಳಗೆ ಬಿಡ್ತಾರೆ. ಓಗಿ ಕೇಳ್ಕೊಂಡ್ ಬಾರೋ. ಎಷ್ಟನೇ ಲೆವೆಲ್ಲು, ಯಾರ್ ಯಾರು, ಕೇಳ್ಕೊಂಡ್ ಬಾರೋ,” ಎಂದು ಕೂಗಿದೆ. ಕೆಲಸವೊಂದು ಸಿಕ್ಕಿದ್ದಕ್ಕೆ ಅವನ ಮುಖ ಅರಳಿತು. ಕೆಲಸದ ಕಾಗದದ ಜೊತೆ ಬಂದಿದ್ದ ಪಾಸು ತೋರಿಸಿ ಒಳಗೆ ಹೋದ. ಒಳಗೆ ಫ್ಯಾನು ತಿರುಗುತ್ತಿತ್ತಂತೆ, ಕುರ್ಚಿ ಕೊಟ್ಟರಂತೆ, ಅವನು ಕೂರಲಿಲ್ಲವಂತೆ. ಸಿಡಿದದ್ದು ಕೆಲಸ ನಿಂತುಹೋದ ಹಳೆಯ ಕಡೆ, ಜನ ಇದ್ದ ಕಡೆ ದಿಮ್ಮಿಗಳು ತಡೆದಿವೆ, ಕೇಜು ಸರಿಮಾಡಿ ಒಬ್ಬೊಬ್ಬರನ್ನಾಗಿ ತರುತ್ತೇವೆ ಎಂದರು. ಒಳ್ಳೆಯ ಸುದ್ದಿ. ಇದನ್ನು ಹೊತ್ತು ಬರುವಾಗ ಅವನ ಕಾಲು ನಿಜವಾಗಿಯೂ ಓಡಿತು. ಇಷ್ಟು ಕೊಟ್ಟರೆ ಅವರು ಮತ್ತೆ ತನ್ನನ್ನು ಒಳಕ್ಕೆ ಬಿಟ್ಟುಕೊಳ್ಳುತ್ತಾರೆ, ಆ ಒಬ್ಬ ಮನುಷ್ಯನಷ್ಟು ಜಾಗ ತುಂಬುತ್ತದೆ. ಹೆಂಗಸರೆಲ್ಲ ಎದ್ದು ನಿಂತರು. ಅಷ್ಟು ಕಣ್ಣುಗಳು ಒಟ್ಟಿಗೆ ಮೇಲೆ ಬಿದ್ದಾಗ ಅವನಿಗೆ ಮಾತು ಸಿಕ್ಕಲಿಲ್ಲ. ನಮ್ಮ ಮಾತು ಸಿಕ್ಕಲಿಲ್ಲ. ಆಫೀಸಿನವರು ಹೇಳಿಕೊಟ್ಟದ್ದು ಸಿಕ್ಕಿತು. ಕೈ ಎರಡನ್ನೂ ಎದೆಯ ಮಟ್ಟಕ್ಕೆ ಎತ್ತಿ, ಅಂಗೈ ತೋರಿಸಿ, ಸ್ಪಷ್ಟವಾಗಿ ಅಂದ:

“ಯಾರೂ ಗಾಬರಿ ಪಡಬೇಕಾಗಿಲ್ಲ.”

ಅಷ್ಟೇ. ನನ್ನ ಪಕ್ಕ ನಿಂತಿದ್ದ ಪಾಪಕ್ಕ ಮೊದಲು ಎದೆ ಬಡಿದುಕೊಂಡಳು. ಆಮೇಲೆ ಗೇಟಿನ ಮುಂದಿದ್ದ ಒಂದೊಂದು ಹೆಂಗಸೂ. ನಾವು ಹುಟ್ಟಿದಾಗಿನಿಂದ ಆ ಗೇಟಿನಲ್ಲಿ ಟೋಪಿ ಹಾಕಿದವರು ಬಂದು ಹಾಗೆ ಕೈ ಎತ್ತಿ ಅದೇ ಮಾತು ಹೇಳಿದಾಗಲೆಲ್ಲ ಹಿಂದೆಯೇ ಹೆಣ ಬಂದಿವೆ. ಒಳ್ಳೆಯ ಸುದ್ದಿ ಇದ್ದರೆ ಯಾರೂ ಬಂದು ಹೇಳುವುದಿಲ್ಲ. ಗೇಟು ತೆರೆಯುತ್ತದೆ, ಗಂಡಸು ಬರುತ್ತಾನೆ. ಲೈನಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವ ಮಾತು ಇದು, ಅವನಿಗೂ ಗೊತ್ತಿತ್ತು. “ಅಲ್ಲ, ಅಲ್ಲ, ನಿಜ್ವಾಗ್ಲೂ ಏನಾಗಿಲ್ಲ ಕಣ್ರಮ್ಮಾ,” ಎಂದು ಅವನು ಕೂಗಿದ್ದು ಅಳುವಿನಲ್ಲಿ ಮುಳುಗಿಹೋಯಿತು. ಯಾರೋ ಮಣ್ಣು ತೂರಿದರು. ಅವನ ಅಂಗಿಯ ಮೇಲೆ ಬಿತ್ತು. ನಾನೂ ಎದೆ ಬಡಿದುಕೊಂಡೆ. ನನ್ನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಮುಖಕ್ಕೇ ನೋಡಿ ಬಡಿದುಕೊಂಡೆ. ಅವನು ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತು ನಿಂತಿದ್ದ.

ಹಾಗೆ ಎಷ್ಟು ಹೊತ್ತೋ. ನನ್ನ ಲೆಕ್ಕದಲ್ಲಿ ಒಂದು ಯುಗ.

ಗೇಟು ತೆರೆಯಿತು. ಮೊದಲ ಕೇಜಿನವರು ಹೊರಗೆ ಬಂದರು, ಅಡಿಯಿಂದ ಮುಡಿಯವರೆಗೆ ಬಂಡೆಹುಡಿ, ಯಾರು ಯಾರೆಂದು ಕಣ್ಣಿನ ಬಿಳಿ ನೋಡಿ ಹೇಳಬೇಕು. “ಚಿಕ್ಕವೆಂಕಟಪ್ಪಾ! ಬಂದಾ ನೋಡ್ರಪ್ಪಾ ಚಿಕ್ಕವೆಂಕಟಪ್ಪ!” ಎಂದು ಆರುಮುಗಂ ಕೂಗಿದ. ನಾನು ಹೇಳಬಾರದ ಹೆಸರನ್ನು ಯಾರೋ ಹೇಳಿದರಲ್ಲ, ಹೌದು, ಅವರೇ. ಬಂದರು. ಹುಬ್ಬು ಒಡೆದು ರಕ್ತ ಒಣಗಿತ್ತು, ನಡಿಗೆ ಸರಿಯಿತ್ತು. ನನ್ನನ್ನು ನೋಡಿದರು, ಒಮ್ಮೆ ತಲೆ ಆಡಿಸಿದರು. ಆಮೇಲೆ ಅವರ ಕಣ್ಣು ನನ್ನ ಹಿಂದೆ ಹೋಯಿತು. ಅಲ್ಲಿ ಕೋದಂಡ, ಅಂಗಿ ಕೂದಲೆಲ್ಲ ಮಣ್ಣು, ಬೆವರು, ಕೆಂಪಾದ ಕಣ್ಣು. ನೋಡಿದವರಿಗೆ ಎಲ್ಲರಿಗಿಂತ ಮೊದಲು ಬಿದ್ದು ಎದ್ದು ಓಡಿ ಬಂದವನ ಹಾಗೇ ಕಾಣುತ್ತಿದ್ದ.

ನಮ್ಮ ಯಜಮಾನರ ಮುಖದ ಹುಡಿ ಬಿರುಕು ಬಿಟ್ಟಿತು. ನಕ್ಕರು. ಹೋಗಿ ಅವನ ಕತ್ತಿನ ಸುತ್ತ ಕೈ ಹಾಕಿ, ಬಂದವರಿಗೆಲ್ಲ ಕೇಳುವಂತೆ ಕೂಗಿದರು.

“ನೋಡ್ರಲಾ! ನಾನೇಳಿರ್ನಿಲ್ವಾ? ಅಲ್ಲೂ ಓಡ್ದ, ಇಲ್ಲೂ ಓಡ್ಬಂದವ್ನೆ! ಆಫೀಸರಾದ್ರೇನ್ಲಾ, ಕಾಲು ನಮ್ದೇ!”

ಆರುಮುಗಂ ಬೇರೆ ಕಡೆ ನೋಡಿದ. ಮುನಿಗಂಗಮ್ಮ ಬಾಯಿ ತೆರೆದು ನನ್ನ ಮುಖ ನೋಡಿ ಹಾಗೇ ತಡೆದಳು. ಹೇಳಬೇಕಾದವಳು ನಾನು, ಅನ್ನುವ ಹಾಗೆ ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಕೋದಂಡ ಆ ಕೈಯ ಭಾರದ ಅಡಿಯಲ್ಲಿ ಬಗ್ಗಿ ನಿಂತಿದ್ದ. “ಬಾವ, ನಾನು...” ಎಂದ. ಅವನು ನನ್ನನ್ನು ನೋಡಿದ. ಹೇಳು ಎಂದು ಬೇಡುತ್ತಿದ್ದನೋ, ಹೇಳಬೇಡ ಎಂದು ಬೇಡುತ್ತಿದ್ದನೋ, ಅಷ್ಟು ವರ್ಷ ಅವನ ಮುಖ ಓದಿದ ನನಗೇ ತಿಳಿಯಲಿಲ್ಲ.

ನಮ್ಮ ಯಜಮಾನರು ನನ್ನ ಕಡೆ ತಿರುಗಿದರು. ಇನ್ನೂ ನಗುತ್ತಲೇ ಇದ್ದರು.

“ಯಾಕಮ್ಮಿ ಎಲ್ರೂ ಇಂಗ್ ನಿಂತವ್ರೆ? ನೀನೇ ಏಳು. ಓಡ್ಬಂದ್ನೋ ಇಲ್ವೋ ನಿನ್ ತಮ್ಮ?”

ಅಷ್ಟೂ ಜನದ ಮುಂದೆ ನಾನು ಬಾಯಿ ತೆರೆದೆ. ಏನು ಹೇಳಿದೆ? ಇಷ್ಟು ಹೊತ್ತು ನನ್ನ ಎದುರಿಗೇ ಕೂತಿದ್ದೀಯಲ್ಲ ತಾಯಿ, ನೀನೇ ಹೇಳು ನೋಡೋಣ.